ಗೈರುಹಾಜರಾದವಳ ಮೇಲೆ ತೀರ್ಪು: ನಾರ್ನಿಯಾದ ಸೂಸನ್ ಮತ್ತು ನಾಲ್ಕು ಸಾಕ್ಷಿಗಳು

ಇತಿಹಾಸದಲ್ಲಿ ನಮಗೆ ಪರಿಚಿತರಾಗಿರುವ ಬಹಳಷ್ಟು ಮಂದಿಯ ಕಥೆಯನ್ನು ನಾವು ಅವರ ಬಾಯಿಂದ ಕೇಳಿಲ್ಲ. ಸೋತವನ ಗುಣವನ್ನು ಗೆದ್ದವನ ಆಸ್ಥಾನದವರು ಬರೆದಿಟ್ಟಿದ್ದಾರೆ. ಸೇವಕರ ಬಗ್ಗೆ ಯಜಮಾನರು, ಹೆಂಗಸರ ಬಗ್ಗೆ ಗಂಡಸರು, ಆಳಿಸಿಕೊಂಡವರ ಬಗ್ಗೆ ಆಳಿದವರು ಮಾತನಾಡಿದ್ದಾರೆ. ಮಾತಿನ ವಿಷಯವಾದ ವ್ಯಕ್ತಿ ಮಾತ್ರ ಸ್ಥಳದಲ್ಲಿಲ್ಲ. 1377ರಲ್ಲಿ 'ಮುಖದ್ದಿಮಾ' ಬರೆದ ಇತಿಹಾಸಕಾರ ಇಬ್ನ್ ಖಲ್ದೂನ್, ಕೈಗೆ ಬಂದ ವರದಿಯನ್ನು ತೂಗಿ ನೋಡದೆ ಮುಂದಕ್ಕೆ ದಾಟಿಸುವ ಚರಿತ್ರೆಕಾರರನ್ನು ಅದರ ಆರಂಭದಲ್ಲೇ ಟೀಕಿಸಿದ್ದ. ವರದಿ ಮಾಡುವವನ ಪಕ್ಷಪಾತವೇ ಸುಳ್ಳಿಗೆ ಒಂದು ದೊಡ್ಡ ಕಾರಣ ಎಂದೂ ಹೇಳಿದ್ದ.

ಈ ಎಚ್ಚರಿಕೆ ಚರಿತ್ರೆಯ ವಿದ್ವಾಂಸರಿಗೆ ಮಾತ್ರ ಬೇಕಾದದ್ದು ಎಂದು ನಾವು ಭಾವಿಸಬೇಕಾಗಿಲ್ಲ. ಮಕ್ಕಳ ಪುಸ್ತಕವೊಂದರಲ್ಲಿ ಹತ್ತು ಸಾಲಿಗಿಂತ ಹೆಚ್ಚಿಲ್ಲದ ಒಂದು ಸಂಭಾಷಣೆಯಿದೆ. ಅದು ಪ್ರಕಟವಾಗಿ ಏಳು ದಶಕಗಳಾದರೂ ಅದರ ಕುರಿತ ಜಗಳ ಮುಗಿದಿಲ್ಲ. ಆ ಸಂಭಾಷಣೆ ಅಲ್ಲಿ ಇಲ್ಲದ ಒಬ್ಬ ಯುವತಿಯ ಕುರಿತಾದದ್ದು. ಅವಳ ಹೆಸರು ಸೂಸನ್.

ಯಾರು ಈ ಸೂಸನ್?

ಬೆಲ್‌ಫಾಸ್ಟ್‌ನಲ್ಲಿ 1898ರಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯದ ಅಧ್ಯಾಪಕರಾಗಿದ್ದ ಸಿ.ಎಸ್. ಲೂಯಿಸ್ ಅವರು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕಗಳನ್ನು ಪ್ರಕಟಿಸಿದರು. ಇವೇ ನಾರ್ನಿಯಾ ಕಥೆಗಳು. 2005ರ ಚಲನಚಿತ್ರದ ಮೂಲಕ ಇವು ನಮ್ಮಲ್ಲೂ ಹಲವರಿಗೆ ಪರಿಚಿತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿನ ಭಯದಿಂದ ಲಂಡನ್ನಿನಿಂದ ಹಳ್ಳಿಯ ಮನೆಯೊಂದಕ್ಕೆ ಕಳುಹಿಸಲ್ಪಟ್ಟ ನಾಲ್ವರು ಒಡಹುಟ್ಟಿದವರು - ಪೀಟರ್, ಸೂಸನ್, ಎಡ್ಮಂಡ್, ಲೂಸಿ - ಬಟ್ಟೆಯ ಕಪಾಟಿನೊಳಗಿಂದ ನಾರ್ನಿಯಾ ಎಂಬ ಬೇರೊಂದು ಲೋಕಕ್ಕೆ ಹೋಗುತ್ತಾರೆ. ಆ ಲೋಕದ ಒಡೆಯ ಆಸ್ಲಾನ್ ಎಂಬ ಸಿಂಹ. ಮಕ್ಕಳು ಅಲ್ಲಿ ರಾಜ ರಾಣಿಯರಾಗುತ್ತಾರೆ. ಸೂಸನ್‌ಗೆ ಅಲ್ಲಿ 'ಮೃದು ಸ್ವಭಾವದ ರಾಣಿ' ಎಂಬ ಬಿರುದು. ಅವಳ ಕೈಯಲ್ಲಿ ಬಿಲ್ಲು ಮತ್ತು ಕಷ್ಟದಲ್ಲಿ ನೆರವಿಗಾಗಿ ಊದುವ ಒಂದು ಕೊಂಬು.

ಕೊನೆಯ ಪುಸ್ತಕ 'ದಿ ಲಾಸ್ಟ್ ಬ್ಯಾಟಲ್' ಬಂದದ್ದು 1956ರಲ್ಲಿ. ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಪ್ರತಿಷ್ಠಿತ ಕಾರ್ನೆಗಿ ಪದಕ ಅದಕ್ಕೆ ಸಂದಿತು. ಅದರ ಕೊನೆಯ ಭಾಗದಲ್ಲಿ ನಾರ್ನಿಯಾದ ಅಂತಿಮ ರಾಜ ತಿರಿಯನ್‌ನ ಮುಂದೆ ಹಿಂದಿನ ಕಥೆಗಳ ಏಳು ಮಂದಿ ವೈಭವದ ಉಡುಪಿನಲ್ಲಿ ನಿಂತಿರುತ್ತಾರೆ. ಚರಿತ್ರೆಯನ್ನು ಓದಿಕೊಂಡಿದ್ದ ರಾಜ ಲೆಕ್ಕ ಹಾಕುತ್ತಾನೆ. ಇನ್ನೊಬ್ಬಳು ಇರಬೇಕಿತ್ತಲ್ಲ, ರಾಣಿ ಸೂಸನ್ ಎಲ್ಲಿ ಎಂದು ಕೇಳುತ್ತಾನೆ.

ನಾಲ್ಕು ಸಾಕ್ಷಿಗಳು

ಉತ್ತರ ಕೊಡುವವರು ನಾಲ್ವರು. ಅಣ್ಣ ಪೀಟರ್ ಗಂಭೀರವಾಗಿ, ಚುಟುಕಾಗಿ, ತಂಗಿ ಈಗ ನಾರ್ನಿಯಾದ ಗೆಳತಿಯಾಗಿ ಉಳಿದಿಲ್ಲ ಎನ್ನುತ್ತಾನೆ. ಸೋದರ ಸಂಬಂಧಿ ಯೂಸ್ಟೇಸ್ ಅದಕ್ಕೆ ದನಿಗೂಡಿಸಿ, ನಾರ್ನಿಯಾದ ಮಾತೆತ್ತಿದಾಗಲೆಲ್ಲ ಅವಳು ಅದನ್ನು ಚಿಕ್ಕಂದಿನ ಆಟವೆಂದು ತಳ್ಳಿಹಾಕುತ್ತಾಳೆ ಎನ್ನುತ್ತಾನೆ. ಯೂಸ್ಟೇಸ್‌ನ ಸಹಪಾಠಿ ಜಿಲ್, ಸೂಸನ್‌ಗೆ ಈಗ ನೈಲಾನ್ ಕಾಲುಚೀಲ, ಲಿಪ್‌ಸ್ಟಿಕ್ ಮತ್ತು ಔತಣಗಳ ಕರೆಯೋಲೆ ಬಿಟ್ಟರೆ ಬೇರೇನೂ ಬೇಡ, ಅವಳಿಗೆ ಮೊದಲಿನಿಂದಲೂ ದೊಡ್ಡವಳಾಗುವ ಹುಚ್ಚು ಎನ್ನುತ್ತಾಳೆ. ಹಿರಿಯಳಾದ ಪಾಲಿ, ಅವಳು ನಿಜವಾಗಿ ದೊಡ್ಡವಳಾಗಲಿ ಎಂದೇ ತನ್ನ ಹಾರೈಕೆ, ಒಂದು ವಯಸ್ಸನ್ನು ಮುಟ್ಟುವ ಆತುರದಲ್ಲಿ ಬಾಲ್ಯ ಕಳೆದಳು, ಅಲ್ಲೇ ನಿಲ್ಲುವ ಹಠದಲ್ಲಿ ಉಳಿದ ಬದುಕನ್ನೂ ಕಳೆಯುತ್ತಾಳೆ ಎನ್ನುತ್ತಾಳೆ. ಅಷ್ಟರಲ್ಲಿ ಪೀಟರ್ ಆ ಮಾತು ಈಗ ಬೇಡವೆಂದು ತಡೆದು, ಎದುರಿಗಿರುವ ಹಣ್ಣಿನ ಮರಗಳನ್ನು ತೋರಿಸುತ್ತಾನೆ. ಮಾತು ಹಣ್ಣಿನತ್ತ ಹೊರಳುತ್ತದೆ. ಸೂಸನ್‌ಳ ಪ್ರಕರಣ ಅಲ್ಲಿಗೆ ಮುಗಿಯುತ್ತದೆ.

ಈ ಹೇಳಿಕೆಗಳನ್ನು ನ್ಯಾಯಾಲಯದಲ್ಲಿ ಮಾಡುವಂತೆ ಒಂದೊಂದಾಗಿ ನೋಡೋಣ. ಪೀಟರ್ ಹೇಳಿದ್ದು ಒಂದು ನಿರ್ಣಯ, ಘಟನೆಯಲ್ಲ. ಯಾವಾಗಿನಿಂದ ಹೀಗಾಯಿತು, ಏಕಾಯಿತು ಎಂಬುದು ಅದರಲ್ಲಿಲ್ಲ. ನಾಲ್ವರಲ್ಲಿ ಸೂಸನ್‌ಳ ಮಾತನ್ನೇ ವರದಿ ಮಾಡುವವನು ಯೂಸ್ಟೇಸ್ ಒಬ್ಬನೇ. ಹಾಗಾಗಿ ಅವನ ಸಾಕ್ಷ್ಯಕ್ಕೆ ಹೆಚ್ಚು ತೂಕವಿದೆ. ಆದರೆ ಆ ಮಾತನ್ನು ಅವಳು ಯಾವ ದನಿಯಲ್ಲಿ ಹೇಳಿದಳು? ತಾತ್ಸಾರದಿಂದಲೋ, ನೋವಿನಿಂದಲೋ, ಮತ್ತೆ ಆ ವಿಷಯ ಕೆದಕಬೇಡಿ ಎಂಬ ಸಂಕಟದಿಂದಲೋ? ವರದಿಯಲ್ಲಿ ದನಿ ಉಳಿಯುವುದಿಲ್ಲ. ಜಿಲ್ ಹೇಳಿದ್ದು ಹೊರಗಿನಿಂದ ಕಂಡ ವಸ್ತುಗಳ ಪಟ್ಟಿ. ಅವಳು ನಾರ್ನಿಯಾಕ್ಕೆ ಹೋದದ್ದು ಯೂಸ್ಟೇಸ್‌ನ ಜೊತೆಗೆ. ಏಳು ಪುಸ್ತಕಗಳಲ್ಲಿ ಎಲ್ಲಿಯೂ ಅವಳೂ ಸೂಸನ್‌ಳೂ ಎದುರುಬದುರಾಗುವ ಒಂದು ಸನ್ನಿವೇಶವಿಲ್ಲ. ಆದರೂ 'ಮೊದಲಿನಿಂದಲೂ' ಎಂದು ಹೇಳುವವಳು ಅವಳೇ. ಪಾಲಿಯದ್ದಂತೂ ಭವಿಷ್ಯವಾಣಿ. ಇನ್ನೂ ಬದುಕದ ಬದುಕಿನ ಮೇಲೆ ಯಾರು ತಾನೇ ಸಾಕ್ಷಿ ಹೇಳಬಲ್ಲರು?

ಆಡಿದ ಮಾತಿನಷ್ಟೇ ಮುಖ್ಯವಾದದ್ದು ಆಡದ ಮಾತು. ಅಲ್ಲಿ ಲೂಸಿ ಇದ್ದಾಳೆ. ಸೂಸನ್‌ಳ ಜೊತೆ ಒಂದೇ ಮನೆಯಲ್ಲಿ ಬೆಳೆದವಳು, ಆಸ್ಲಾನ್ ಕೊಲ್ಲಲ್ಪಟ್ಟ ರಾತ್ರಿ ಅಕ್ಕನ ಜೊತೆ ಕೂತು ಅತ್ತವಳು. ಅವಳು ಒಂದು ಮಾತೂ ಆಡುವುದಿಲ್ಲ. ಅಲ್ಲಿ ಎಡ್ಮಂಡ್ ಇದ್ದಾನೆ. ಮೊದಲ ಪುಸ್ತಕದಲ್ಲಿ ಒಡಹುಟ್ಟಿದವರನ್ನು ಶತ್ರುವಿಗೆ ಒಪ್ಪಿಸಲು ಹೋಗಿ, ಆಮೇಲೆ ಕ್ಷಮೆ ಪಡೆದವನು. ಅವನೂ ಸುಮ್ಮನಿದ್ದಾನೆ. ದಾರಿ ತಪ್ಪಿ ಮರಳಿ ಬಂದ ಅನುಭವವಿದ್ದವನು ಅವನು. ಆ ಮೌನಕ್ಕೆ ಕಾರಣವನ್ನು ಪುಸ್ತಕ ಹೇಳುವುದಿಲ್ಲ, ನಾವೂ ಊಹಿಸಿ ಹೇಳಬಾರದು. ಆದರೆ ಹತ್ತಿರದವರು ಸುಮ್ಮನಿದ್ದು ದೂರದವರು ಹೆಚ್ಚು ಮಾತನಾಡಿದ್ದಾರೆ ಎಂಬುದನ್ನು ದಾಖಲಿಸಲೇಬೇಕು. ಎಲ್ಲಕ್ಕಿಂತ ದೊಡ್ಡ ಮೌನ ಆಸ್ಲಾನ್‌ನದ್ದು. ಆ ಲೋಕದ ಅಂತಿಮ ನ್ಯಾಯಾಧೀಶ ಅವನೇ. ಆದರೆ ಸೂಸನ್‌ಳ ಬಗ್ಗೆ ಆ ಪುಸ್ತಕದಲ್ಲಿ ಅವನು ಯಾವ ತೀರ್ಪನ್ನೂ ಕೊಡುವುದಿಲ್ಲ.

ಇನ್ನೊಂದು ವಿಷಯವನ್ನು ಅವಸರದ ಓದಿನಲ್ಲಿ ನಾವು ಮರೆಯುತ್ತೇವೆ. ಈ ಮಾತುಗಳನ್ನಾಡುವಾಗ ಆ ಏಳು ಮಂದಿಗೆ ತಾವು ರೈಲು ಅಪಘಾತದಲ್ಲಿ ಸತ್ತಿದ್ದೇವೆ ಎಂಬುದು ಗೊತ್ತಿಲ್ಲ. ಆಸ್ಲಾನ್ ಅದನ್ನು ತಿಳಿಸುವುದು ಪುಸ್ತಕದ ಕೊನೆಯ ಪುಟದಲ್ಲಿ. ಅದೇ ರೈಲಿನಲ್ಲಿ ಅವರ ತಂದೆ ತಾಯಿಯೂ ಇದ್ದರು. ಅಂದರೆ ಅವರು ಲಿಪ್‌ಸ್ಟಿಕ್ಕಿನ ಮಾತನಾಡುತ್ತಿರುವ ಹೊತ್ತಿಗೆ, ಇಂಗ್ಲೆಂಡಿನಲ್ಲಿ ಒಬ್ಬ ಯುವತಿ ಒಂದೇ ದಿನದಲ್ಲಿ ತಂದೆ, ತಾಯಿ, ಅಣ್ಣ, ತಮ್ಮ, ತಂಗಿ ಎಲ್ಲರನ್ನೂ ಕಳೆದುಕೊಂಡಿದ್ದಾಳೆ. ಆ ಕುರಿತು ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಹಿಂದಿನ ದಾಖಲೆಗಳು

ಇಷ್ಟಾದ ಮೇಲೆ, ಸೂಸನ್ ಕಣ್ಣೆದುರಿಗಿದ್ದಾಗ ಹೇಗಿದ್ದಳು ಎಂದು ಹಿಂದಿನ ಪುಸ್ತಕಗಳನ್ನು ತೆರೆದು ನೋಡುವುದು ಅಗತ್ಯ. 1951ರ 'ಪ್ರಿನ್ಸ್ ಕ್ಯಾಸ್ಪಿಯನ್'ನಲ್ಲಿ ಆಸ್ಲಾನ್‌ನನ್ನು ಕಂಡೆನೆಂಬ ಲೂಸಿಯ ಮಾತನ್ನು ಅವಳು ನಂಬುವುದಿಲ್ಲ. ಆದರೆ ಆಮೇಲೆ, ಒಳಗೊಳಗೆ ತನಗೂ ಅದು ನಿಜವೆನಿಸಿತ್ತು ಎಂದು ತಂಗಿಯೊಡನೆ ತಾನಾಗಿ ಒಪ್ಪಿಕೊಳ್ಳುತ್ತಾಳೆ. ಆಗ ಆಸ್ಲಾನ್ ಅವಳನ್ನು ಗದರಿಸುವುದಿಲ್ಲ. ಅವಳು ಭಯದ ಮಾತು ಕೇಳಿದ್ದಾಳೆಂದು ಅರಿತು ಧೈರ್ಯ ತುಂಬುತ್ತಾನೆ. ಎದುರಿಗಿದ್ದಾಗ ಅವಳ ಅಪನಂಬಿಕೆಗೂ ಒಂದು ವಿಚಾರಣೆ ಸಿಕ್ಕಿತ್ತು.

ಅದೇ ಪುಸ್ತಕದ ಕೊನೆಯಲ್ಲಿ ಪೀಟರ್ ಮತ್ತು ಸೂಸನ್‌ಗೆ ಒಂದು ಸುದ್ದಿ ಸಿಗುತ್ತದೆ: ವಯಸ್ಸಾಯಿತು, ನೀವು ಇನ್ನು ನಾರ್ನಿಯಾಕ್ಕೆ ಬರುವಂತಿಲ್ಲ. ಅದನ್ನು ತಾಳಿಕೊಳ್ಳಬಲ್ಲೆಯಾ ಎಂದು ಲೂಸಿ ಪೀಟರ್‌ನನ್ನು ಕೇಳುತ್ತಾಳೆ. ಬಲ್ಲೆನೆಂದು ಅವನು ಉತ್ತರಿಸುತ್ತಾನೆ. ಸೂಸನ್‌ಳನ್ನು ಯಾರೂ ಕೇಳುವುದಿಲ್ಲ! ಇಂಗ್ಲೆಂಡಿನ ಕಾಲಕ್ರಮದಲ್ಲಿ ಅವಳು ನಮ್ಮ ಕಣ್ಣಿಗೆ ಬೀಳುವುದು ಅದೇ ಕೊನೆ. ಆಮೇಲೆ ಅವಳು ಬದುಕುವುದು ಬೇರೆಯವರ ಬಾಯಲ್ಲಿ ಮಾತ್ರ.

ಮುಂದಿನ ಪುಸ್ತಕದಲ್ಲಿ ಅವಳು ತಂದೆ ತಾಯಿಯ ಜೊತೆ ಅಮೆರಿಕಕ್ಕೆ ಹೋಗಿದ್ದಾಳೆ. ದೊಡ್ಡವರ ಕಣ್ಣಲ್ಲಿ ಅವಳೇ ಮನೆಯ ಚೆಲುವೆ, ಓದಿನಲ್ಲಿ ಮಾತ್ರ ಹಿಂದೆ ಎಂದು ಕಥೆ ಹೇಳುವವರು ಸಾರಿಬಿಡುತ್ತಾರೆ. ಅದೇ ಕಥೆಯಲ್ಲಿ ಲೂಸಿ ಒಂದು ಮಾಯಾ ಗ್ರಂಥದಲ್ಲಿ, ತಾನು ಅಕ್ಕನನ್ನು ಮೀರಿಸುವ ಸುಂದರಿಯಾದಂತೆ, ಅಕ್ಕ ಹೊಟ್ಟೆಕಿಚ್ಚು ಪಡುವಂತೆ ಚಿತ್ರ ಕಾಣುತ್ತಾಳೆ. ಆ ಚಿತ್ರದಿಂದ ನಮಗೆ ತಿಳಿಯುವುದು ಸೂಸನ್‌ಳ ಮನಸ್ಸಲ್ಲ, ಲೂಸಿಯ ಮನಸ್ಸು. ಇತರರ ಕುರಿತ ಮಾತುಗಳಲ್ಲಿ ಬಹಳಷ್ಟು ಸಲ ಆಗುವುದು ಇದೇ.

1954ರ 'ದಿ ಹಾರ್ಸ್ ಅಂಡ್ ಹಿಸ್ ಬಾಯ್' ಹಿಂದಿನ ಕಾಲದ ಕಥೆ. ಅಲ್ಲಿ ಸೂಸನ್ ಬೆಳೆದ ರಾಣಿ. ನೆರೆದೇಶ ಕಾಲೊರ್ಮೆನ್‌ನ ರಾಜಕುಮಾರ ರಬದಾಶ್ ಅವಳನ್ನು ಮದುವೆಯಾಗಬಯಸುತ್ತಾನೆ. ಅತಿಥಿಯಾಗಿ ಬಂದಾಗ ಸಭ್ಯನಾಗಿ ಕಂಡವನನ್ನು ಅವನ ಊರಲ್ಲೇ ನೋಡಿದ ಮೇಲೆ ಅವಳು ಮನಸ್ಸು ಬದಲಿಸುತ್ತಾಳೆ, ತಾನು ತಪ್ಪಾಗಿ ಅಂದಾಜಿಸಿದ್ದೆ ಎಂದು ಒಪ್ಪಿಕೊಳ್ಳುತ್ತಾಳೆ. ಇದು ಬರೀ ಅಲಂಕಾರದಲ್ಲಿ ಮುಳುಗಿದ ಹೆಣ್ಣಿನ ಲಕ್ಷಣವಲ್ಲ. ಆದರೆ ಅದೇ ಪುಸ್ತಕದಲ್ಲಿ ಅವಳ ಬೆನ್ನ ಹಿಂದೆ ಇಬ್ಬರು ಮಾತನಾಡುತ್ತಾರೆ. ರಬದಾಶ್ ಕೋಪ ಮತ್ತು ಆಸೆ ಎರಡನ್ನೂ ಬೆರೆಸಿ ಅವಳನ್ನು ಹಳಿಯುತ್ತಾನೆ. ಅವಳ ಮಿತ್ರ ಪಕ್ಷದ ಹುಡುಗ ಕೋರಿನ್, ಲೂಸಿಯಾದರೆ ಗಂಡಸಿನ ಸಮ, ಸೂಸನ್ ಮಾತ್ರ ಸಾಧಾರಣ ಹೆಂಗಸಿನ ಹಾಗೆ, ಬಿಲ್ವಿದ್ಯೆಯಲ್ಲಿ ನಿಪುಣಳಾದರೂ ಯುದ್ಧಕ್ಕೆ ಬರುವುದಿಲ್ಲ ಎನ್ನುತ್ತಾನೆ. ಶತ್ರುವಿಗೂ ಮಿತ್ರನಿಗೂ ಅವಳನ್ನು ಅಳೆಯಲು ಇದ್ದದ್ದು ಅವರವರದೇ ಅಳತೆಗೋಲು.

ನೈಲಾನ್ ಮತ್ತು ಯುದ್ಧ

ಜಿಲ್ ಹೇಳಿದ ಆ ವಸ್ತುಗಳಿಗೂ ಒಂದು ಚರಿತ್ರೆಯಿದೆ. 1939ರ ಸೆಪ್ಟೆಂಬರ್ 1ರಿಂದ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು, ಅದರಲ್ಲೂ ಮುಖ್ಯವಾಗಿ ಮಕ್ಕಳನ್ನು, ಹಳ್ಳಿಗಳಿಗೆ ಸಾಗಿಸಲಾಯಿತು. ಲೂಯಿಸ್ ಅವರ ಮನೆಗೂ ಅಂತಹ ಹುಡುಗಿಯರು ಬಂದಿದ್ದರು. 1941ರ ಜೂನ್ 1ರಂದು ಅಲ್ಲಿ ಬಟ್ಟೆಗೆ ಪಡಿತರ ಆರಂಭವಾಯಿತು. ಕೂಪನ್ ಇಲ್ಲದೆ ಒಂದು ಉಡುಪೂ ಕೊಳ್ಳುವಂತಿರಲಿಲ್ಲ. 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಿದ್ದ ನೈಲಾನ್ ಕಾಲುಚೀಲ ಯುದ್ಧ ಶುರುವಾದ ಮೇಲೆ ಮಾಯವಾಯಿತು. ನೈಲಾನೆಲ್ಲ ಪ್ಯಾರಾಚೂಟ್‌ಗೆ ಹೋಯಿತು. ಬ್ರಿಟನ್ನಿನ ಹುಡುಗಿಯರಿಗೆ ಅದು ಅಮೆರಿಕದ ಸೈನಿಕರ ಮೂಲಕ ಅಪರೂಪಕ್ಕೆ ಸಿಗುವ ವಸ್ತುವಾಯಿತು. ಬಟ್ಟೆಯ ಪಡಿತರ ಕೊನೆಗೊಂಡದ್ದು 1949ರ ಮಾರ್ಚ್‌ನಲ್ಲಿ.

ಲೂಯಿಸ್ ಅವರು ಸಿದ್ಧಪಡಿಸಿದ್ದ, ಅವರ ನಿಧನಾನಂತರ ಬೆಳಕಿಗೆ ಬಂದ ಕಾಲಾನುಕ್ರಮಣಿಕೆಯಲ್ಲಿ ಸೂಸನ್ ಹುಟ್ಟಿದ್ದು 1928ರಲ್ಲಿ, ರೈಲು ಅಪಘಾತ ನಡೆದದ್ದು 1949ರಲ್ಲಿ. ಅಂದರೆ ಯುದ್ಧ ಶುರುವಾದಾಗ ಅವಳಿಗೆ ಹನ್ನೊಂದು ವರ್ಷ. ಪಡಿತರ ಮುಗಿದ ವರ್ಷ ಇಪ್ಪತ್ತೊಂದು. ಹದಿಹರೆಯವೆಲ್ಲ ಕೂಪನ್ನು, ಕತ್ತಲು, ಸೈರನ್ನುಗಳಲ್ಲಿ ಕಳೆದ ಒಂದು ತಲೆಮಾರಿನ ಹುಡುಗಿಗೆ ಒಂದು ಜೊತೆ ಕಾಲುಚೀಲ, ಒಂದು ಲಿಪ್‌ಸ್ಟಿಕ್, ಒಂದು ಔತಣದ ಕರೆ ಏನಾಗಿತ್ತು? ಯುದ್ಧ ಮುಗಿಯಿತು ಎಂಬುದರ ಗುರುತೂ ಆಗಿರಬಹುದಿತ್ತು. ಅಲಂಕಾರವೇ ಬದುಕಾಗಬಾರದು ಎಂಬ ಪಾಲಿಯ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಲವನ್ನು ಕಳಚಿಟ್ಟು ವಸ್ತುಗಳನ್ನಷ್ಟೇ ಎಣಿಸಿದರೆ ಮನುಷ್ಯರು ಅರ್ಥವಾಗುವುದಿಲ್ಲ.

ಲೇಖಕರ ಪತ್ರಗಳು, ಓದುಗರ ಕೋಪ

ಸೂಸನ್ ಏನಾದಳು ಎಂದು ಮೊದಲು ಕೇಳಿದವರು ವಿಮರ್ಶಕರಲ್ಲ, ಮಕ್ಕಳು. 1957ರ ಜನವರಿಯಲ್ಲಿ ಒಬ್ಬ ಬಾಲಕನಿಗೆ ಲೂಯಿಸ್ ಉತ್ತರಿಸಿದರು: ಅವಳು ಈ ಲೋಕದಲ್ಲಿ ಜೀವಂತವಾಗಿದ್ದಾಳೆ, ಆ ಹೊತ್ತಿಗೆ ತುಸು ಪೊಳ್ಳು, ಜಂಬದ ಹೆಣ್ಣಾಗಿದ್ದಾಳೆ, ಆದರೆ ತಿದ್ದಿಕೊಳ್ಳಲು ಬೇಕಾದಷ್ಟು ಕಾಲವಿದೆ, ತನ್ನದೇ ದಾರಿಯಲ್ಲಿ ಕೊನೆಗೆ ತಲುಪಲೂಬಹುದು. 1960ರಲ್ಲಿ ಇನ್ನೊಬ್ಬ ಓದುಗರಿಗೆ, ಆ ಕಥೆ ತಾನು ಬರೆಯಬಯಸಿದ್ದಕ್ಕಿಂತ ದೀರ್ಘವಾಗುತ್ತದೆ, ದೊಡ್ಡವರ ಕಾದಂಬರಿಯಾಗುತ್ತದೆ, ನೀವೇ ಏಕೆ ಬರೆಯಬಾರದು ಎಂದು ಕೇಳಿದರು. ಮೂರು ವರ್ಷಗಳ ನಂತರ, 1963ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಈ ಪತ್ರಗಳು ಎರಡು ವಿಷಯ ತಿಳಿಸುತ್ತವೆ. ಆ ನಾಲ್ವರ ಮಾತಿಗೆ ಲೇಖಕರ ಸಮ್ಮತಿ ಬಹಳ ಮಟ್ಟಿಗೆ ಇತ್ತು. ಅದನ್ನು ಮುಚ್ಚಿಡಲು ಸಾಧ್ಯವಿಲ್ಲ. ಆದರೆ ಬಾಗಿಲು ಮುಚ್ಚಿಲ್ಲ ಎಂಬುದೂ ಅವರ ಅಭಿಪ್ರಾಯವಾಗಿತ್ತು. ತೊಂದರೆಯೆಂದರೆ, ಬಾಗಿಲು ತೆರೆದಿದ್ದು ಖಾಸಗಿ ಪತ್ರದಲ್ಲಿ. ಲಕ್ಷಾಂತರ ಮಕ್ಕಳು ಓದಿದ ಪುಸ್ತಕದಲ್ಲಿ ಉಳಿದದ್ದು ನಾಲ್ವರ ಮಾತು ಮಾತ್ರ.

1998ರಲ್ಲಿ ಕಾದಂಬರಿಕಾರ ಫಿಲಿಪ್ ಪುಲ್‌ಮನ್ 'ಗಾರ್ಡಿಯನ್' ಪತ್ರಿಕೆಯಲ್ಲಿ ಲೂಯಿಸ್ ಮೇಲೆ ಹರಿಹಾಯ್ದರು. ಹುಡುಗಿ ಹೆಣ್ಣಾಗಿ ಬೆಳೆಯುವುದನ್ನೇ ಲೂಯಿಸ್ ಒಪ್ಪಲಿಲ್ಲ ಎಂಬುದು ಅವರ ಆರೋಪವಾಗಿತ್ತು. 2004ರಲ್ಲಿ ನೀಲ್ ಗೈಮನ್ ಅಪಘಾತದ ನಂತರ ಶವಗಳನ್ನು ಗುರುತಿಸಲು ಹೋಗಬೇಕಾದ ಹುಡುಗಿಯನ್ನು ವೃದ್ಧೆಯಾಗಿ ಕಲ್ಪಿಸಿಕೊಂಡು ಒಂದು ಸಣ್ಣಕಥೆ ಬರೆದರು. 2005ರಲ್ಲಿ ಜೆ.ಕೆ. ರೌಲಿಂಗ್ ಸಂದರ್ಶನವೊಂದರಲ್ಲಿ, ಲಿಪ್‌ಸ್ಟಿಕ್‌ಗಾಗಿ ಸೂಸನ್‌ಳನ್ನು ಕಳೆದುಕೊಂಡದ್ದು ತನಗೆ ಒಪ್ಪಿಗೆಯಿಲ್ಲ ಎಂಬರ್ಥದ ಮಾತನ್ನಾಡಿದರು.

ಈ ಕೋಪದಲ್ಲಿ ನ್ಯಾಯವಿದೆ, ಉತ್ಪ್ರೇಕ್ಷೆಯೂ ಇದೆ. ಸೂಸನ್‌ಳನ್ನು ನರಕಕ್ಕೆ ತಳ್ಳಲಾಯಿತು ಎಂದು ಎಷ್ಟೋ ಮಂದಿ ಬರೆದದ್ದುಂಟು. ಪುಸ್ತಕದಲ್ಲಿ ಹಾಗಿಲ್ಲ. ಅವಳು ಸತ್ತೇ ಇಲ್ಲ! ಲಿಪ್‌ಸ್ಟಿಕ್ ಹಚ್ಚಿದ್ದಕ್ಕೆ ಹೊರಹಾಕಿದರು ಎಂಬುದೂ ಸರಿಯಲ್ಲ. ಅದು ಜಿಲ್‌ಳ ಒಂದು ಮಾತು, ಯೂಸ್ಟೇಸ್ ಹೇಳಿದ್ದು ಬೇರೆಯೇ ವಿಷಯ. ಸೂಸನ್‌ಳ ಬಗ್ಗೆ ನಾಲ್ವರ ಮಾತನ್ನು ಪರೀಕ್ಷಿಸದೆ ನಂಬುವುದು ಹೇಗೆ ತಪ್ಪೋ, ಲೂಯಿಸ್ ಬಗ್ಗೆ ವಿಮರ್ಶಕರ ಮಾತನ್ನು ಪುಸ್ತಕ ತೆರೆಯದೆ ನಂಬುವುದೂ ಹಾಗೆಯೇ ತಪ್ಪು. ಅವರೂ ಈಗ ಉತ್ತರಿಸಲು ಎದುರಿಗಿಲ್ಲದವರು.

ಮಾತನಾಡುವ ಅವಕಾಶ ಸಿಕ್ಕವರು

ನಮ್ಮ ಓದುಗರಿಗೆ ಇಲ್ಲಿ ಇನ್ನೊಂದು ವಿಷಯ ಹತ್ತಿರದ್ದೆನಿಸಬಹುದು. ಕಾಲೊರ್ಮೆನ್ ದೇಶದವರು ಕಪ್ಪು ಮೈಬಣ್ಣದವರು, ಗಡ್ಡ ಬಿಟ್ಟವರು, ಮುಂಡಾಸು ಸುತ್ತಿದವರು, ಬಾಗಿದ ಕತ್ತಿ ಹಿಡಿದವರು. 'ಅರೇಬಿಯನ್ ನೈಟ್ಸ್'ನ ಬಣ್ಣ ಅಲ್ಲಿ ಎದ್ದು ಕಾಣುತ್ತದೆ. ಅರಬರು ಮತ್ತು ತುರ್ಕರ ಬಗ್ಗೆ ಯುರೋಪು ಶತಮಾನಗಳಿಂದ ಹೇಳಿಕೊಂಡು ಬಂದ ಮಾತುಗಳನ್ನೇ ಲೂಯಿಸ್ ಬಳಸಿದರು ಎಂಬ ಟೀಕೆ ನ್ಯಾಯವಾದದ್ದು. ವಿಚಿತ್ರವೆಂದರೆ, ಆಸ್ಲಾನ್ ಎಂಬುದೇ ಸಿಂಹ ಎಂಬರ್ಥದ ತುರ್ಕಿ ಪದ. 'ಅರೇಬಿಯನ್ ನೈಟ್ಸ್'ನ ಅನುವಾದವೊಂದರ ಟಿಪ್ಪಣಿಯಲ್ಲಿ ಆ ಹೆಸರು ಸಿಕ್ಕಿತೆಂದು ಲೂಯಿಸ್ ಅವರೇ ತಿಳಿಸಿದ್ದಾರೆ.

ಆದರೆ ಆ ದೇಶದ ಇಬ್ಬರಿಗೆ ಅವರು ಬಾಯಿ ಕೊಟ್ಟಿದ್ದಾರೆ. ಅರಾವಿಸ್ ಎಂಬ ಹುಡುಗಿ ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಬಂದ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. 'ದಿ ಲಾಸ್ಟ್ ಬ್ಯಾಟಲ್'ನಲ್ಲಿ ಎಮೆತ್ ಎಂಬ ಸೈನಿಕ ಶತ್ರುಪಕ್ಷದವನು. ಆಸ್ಲಾನ್‌ನ ಹೆಸರನ್ನೇ ದ್ವೇಷಿಸಿ ಬೆಳೆದವನು. ಅವನು ತನ್ನ ಪ್ರಾಮಾಣಿಕ ಹುಡುಕಾಟವನ್ನು ಪುಟಗಟ್ಟಲೆ ಸ್ವಂತ ಮಾತಿನಲ್ಲಿ ಹೇಳುತ್ತಾನೆ, ಅವನಿಗೆ ಆ ಲೋಕದ ಒಳಗೆ ಸ್ವಾಗತ ಸಿಗುತ್ತದೆ. ಅದೇ ಪುಸ್ತಕದಲ್ಲಿ ಶತ್ರುವಿಗೆ ಸಿಕ್ಕಿದ ಅವಕಾಶ ರಾಣಿಯಾಗಿದ್ದವಳಿಗೆ ಸಿಗಲಿಲ್ಲ. ಎಮೆತ್ ನಮಗೆ ಮನುಷ್ಯನಾಗಿ ಕಾಣುವುದು ಅವನು ಸ್ವತಃ ಮಾತನಾಡಿದ್ದರಿಂದ. ಅವನ ಬಗ್ಗೆಯೂ ನಾಲ್ಕು ಜನ ಹೇಳಿದ್ದನ್ನಷ್ಟೇ ಕೇಳಿದ್ದರೆ, ಅವನು ನಮಗೆ ಮತ್ತೊಬ್ಬ ಕತ್ತಿ ಹಿಡಿದ ಕಾಲೊರ್ಮೆನ್ ಮಾತ್ರ ಆಗಿರುತ್ತಿದ್ದ.

ಇದರ ಮಹತ್ವ ಲೂಯಿಸ್ ಅವರಿಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಅದೇ 1956ರಲ್ಲಿ ಅವರು ದೊಡ್ಡವರಿಗಾಗಿ 'ಟಿಲ್ ವಿ ಹ್ಯಾವ್ ಫೇಸಸ್' ಎಂಬ ಕಾದಂಬರಿಯನ್ನೂ ಪ್ರಕಟಿಸಿದರು. ಅದರಲ್ಲಿ ಓರುಆಲ್ ಎಂಬ ವಯಸ್ಸಾದ ರಾಣಿ ಪರದೇಶದ ಗುಡಿಯೊಂದರಲ್ಲಿ ಅರ್ಚಕನ ಬಾಯಿಂದ ತನ್ನದೇ ಕಥೆಯನ್ನು ಕೇಳುತ್ತಾಳೆ. ತಂಗಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಅಕ್ಕ ಅವಳ ಬಾಳು ಹಾಳು ಮಾಡಿದಳು ಎಂದು ಆ ಕಥೆ ಹೇಳುತ್ತದೆ. ಅದು ಹಾಗಲ್ಲ ಎಂಬ ಸಿಟ್ಟಿನಿಂದ ಅವಳು ತನ್ನ ಪುಸ್ತಕ ಬರೆಯಲು ಕೂರುತ್ತಾಳೆ. ಬರೆಯುತ್ತಾ ಬರೆಯುತ್ತಾ, ತನ್ನ ಕುರಿತು ತಾನು ಹೇಳಿಕೊಂಡದ್ದೂ ಪೂರ್ತಿ ನಿಜವಲ್ಲ ಎಂದು ಕಂಡುಕೊಳ್ಳುತ್ತಾಳೆ. ಬೇರೆಯವರ ಆರೋಪ ಅವಳನ್ನು ತಿದ್ದಲಿಲ್ಲ. ಸ್ವತಃ ಮಾತನಾಡಲು ಸಿಕ್ಕಿದ ಅವಕಾಶವೇ ಅವಳನ್ನು ಸತ್ಯದ ಬಳಿಗೆ ತಂದಿತು. ಸೂಸನ್‌ಗೆ ಬೇಕಾಗಿದ್ದ 'ದೊಡ್ಡವರ ಕಾದಂಬರಿ' ಹೇಗಿರಬಹುದಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ನಂತರದ ಮಕ್ಕಳ ಕಥೆಗಳು ಈ ಪಾಠವನ್ನು ಬೇರೆ ರೀತಿಯಲ್ಲಿ ಕಲಿಸಿದವು. ರೌಲಿಂಗ್ ಅವರ ಹ್ಯಾರಿ ಪಾಟರ್ ಕಥೆಗಳಲ್ಲಿ ಹ್ಯಾರಿಯ ತಂದೆ ಜೇಮ್ಸ್ ಸತ್ತುಹೋಗಿದ್ದಾನೆ. ಗೆಳೆಯರು ಅವನನ್ನು ಹೊಗಳುತ್ತಾರೆ, ದ್ವೇಷಿಯಾದ ಸ್ನೇಪ್ ಅವನನ್ನು ಸೊಕ್ಕಿನವನೆಂದು ಹಳಿಯುತ್ತಾನೆ. 2003ರ ಐದನೆಯ ಪುಸ್ತಕದಲ್ಲಿ ಹ್ಯಾರಿ ಹಳೆಯ ನೆನಪೊಂದನ್ನು ಕಣ್ಣಾರೆ ನೋಡಿದಾಗ, ದ್ವೇಷಿಯ ಮಾತಿನಲ್ಲೂ ನಿಜವಿತ್ತೆಂದು ಅವನಿಗೆ ಗೊತ್ತಾಗುತ್ತದೆ. ಅಲ್ಲಿ ಸಾಕ್ಷಿಗಳು ಪರಸ್ಪರ ವಿರುದ್ಧವಾಗಿದ್ದಾರೆ. ಆದ್ದರಿಂದ ಓದುವ ಮಗು ತಾನೇ ತೂಗಿ ನೋಡಬೇಕಾಗುತ್ತದೆ. ಸೂಸನ್‌ಳ ಪ್ರಕರಣದಲ್ಲಿ ಮಾತನಾಡಿದ ನಾಲ್ವರೂ ಒಂದೇ ಕಡೆ.

ಎಲ್ಲರೂ ಒಂದೇ ಮಾತು ಹೇಳಿದರೆ ಅದು ನಿಜವಿರಬೇಕು ಎಂದು ನಾವು ಸುಲಭವಾಗಿ ನಂಬುತ್ತೇವೆ. ಓದಲು ನಗರಕ್ಕೆ ಹೋದ ಹುಡುಗಿಯ ಬಗ್ಗೆ, ಮನೆಗೆ ಬರುವುದನ್ನು ಕಡಿಮೆ ಮಾಡಿದ ಮಗನ ಬಗ್ಗೆ, ನಮ್ಮ ಬೀದಿಯಲ್ಲಿಲ್ಲದ ಇನ್ನೊಂದು ಸಮುದಾಯದ ಬಗ್ಗೆ ಇಂತಹ ಒಮ್ಮತ ಎಷ್ಟು ಬೇಗ ಮೂಡುತ್ತದೆ! 'ಅವಳು ಈಗ ಮೊದಲಿನ ಹಾಗಿಲ್ಲ' ಎಂಬಲ್ಲಿಂದ 'ಅವಳು ಮೊದಲಿನಿಂದಲೂ ಹಾಗೆಯೇ' ಎಂಬಲ್ಲಿಗೆ ಬರಲು ನಾಲ್ಕು ಬಾಯಿ ಸಾಕು. ಪೀಟರ್, ಯೂಸ್ಟೇಸ್, ಜಿಲ್, ಪಾಲಿ ಕೆಟ್ಟವರಲ್ಲ. ಅವರು ಸುಳ್ಳು ಹೇಳಿದರೆಂದೂ ನಾವು ವಾದಿಸುತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಕಡಿಮೆ, ಹೇಳಿದ್ದು ಹೆಚ್ಚು.

ಸೂಸನ್‌ಳ ಕುರಿತು ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಅವಳು ಬದುಕಿದ್ದಳು, ಒಬ್ಬಳೇ ಉಳಿದಿದ್ದಳು, ಅವಳ ಮಾತು ಇನ್ನೂ ಬಾಕಿಯಿತ್ತು. ತಿರಿಯನ್ ಕೇಳಿದ ಪ್ರಶ್ನೆಯನ್ನು ಅವಳಿಗೇ ಕೇಳಿದವರು ಯಾರೂ ಇರಲಿಲ್ಲ.